ಸೋಪಿನ ಗುಳ್ಳೆ

ನಂಬಿ ಎನ್ನುವುದಿಲ್ಲ, ನಡೆದದ್ದಿಷ್ಟು. ಕೊಡಿಗೇಹಳ್ಳಿಯ ನನ್ನ ಗ್ಯಾರೇಜಿನಲ್ಲಿ, ನಮ್ಮ ಬೀದಿಯ ನಿರಂಜನನ ಜೀಪಿಗೆ ಎಂಜಿನ್ ಬಲದಿಂದಲೇ ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಕೂರಿಸಿದ್ದೆ. ಮೂರು ಸಲ ಬಿಚ್ಚಿ ಕಟ್ಟಿ ಸೊಂಟ ಬಿದ್ದುಹೋಗಿತ್ತು. ಎಂಜಿನ್ ಆಫ್ ಮಾಡಿ, ಲೀಕ್ ನೋಡಲು ಪೈಪಿನ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿದೆ. ಪೈಪು ಮೈಯಷ್ಟೇ ಬೆಚ್ಚಗಿತ್ತು. ಒಂದು ಗುಳ್ಳೆ ಉಬ್ಬಿತು. ಲೀಕಾದರೆ ಒಡೆಯಬೇಕು; ಇದು ಒಳಕ್ಕೆ ಸೇದಿಕೊಂಡು ಮತ್ತೆ ಉಬ್ಬಿತು.

“ಲೀಕಾ ಅಣ್ಣ?” ಎಂದ ನಿರಂಜನ.

ನಾನು ಉಸಿರು ಬಿಗಿಹಿಡಿದೆ. ಗುಳ್ಳೆಯೂ ಹಾಗೇ ನಿಂತಿತು. ಉಸಿರು ಬಿಟ್ಟೆ, ಉಬ್ಬಿತು. ನಾಲ್ಕನೇ ಸಲ ಬಿಚ್ಚುವ ತ್ರಾಣವಿರಲಿಲ್ಲ.

“ಇಲ್ಲ, ತಗೊಂಡ್ಹೋಗಪ್ಪ.”

ಭಾನುವಾರ, ಜೀಪಿನಲ್ಲಿ ಬೆಟ್ಟ ಹತ್ತಲು ಹೋಗಿದ್ದ ಅವನ ಫೋನ್ ಬಂತು. “ಅಣ್ಣ, ಈಗಷ್ಟೇ ನಾಲ್ಕೂ ಟೈರಿಗೆ ಗಾಳಿ ಹಾಕ್ದೆ, ಸೂಪರಾಗಿದೆ.”

ಮನೆಯಲ್ಲಿ ಸುಮ್ಮನೆ ಕೂತಿದ್ದ ನನಗೆ ಹೂಂ ಎನ್ನುವಷ್ಟೂ ಉಸಿರಿರಲಿಲ್ಲ.