ಬಾಯಿಲ್ಲದ ದೂತ, ಬೆನ್ನು ತಿರುಗಿಸಿದ ಕ್ಯಾಪ್ಟನ್

ಮೂರು ಸಾವಿರ ವರ್ಷ ಬದುಕಿದವನು ನಾನು. ಎರಡು ಗ್ರಹ ಸುಟ್ಟಿದ್ದೇನೆ, ಒಂದು ನಕ್ಷತ್ರವನ್ನು ದೀಪದ ಹಾಗೆ ಊದಿ ಆರಿಸಿದ್ದೇನೆ. ಆದರೆ ಒಬ್ಬ ಹೆಂಗಸಿಗೆ ‘ನೀರು ಕುಡೀರಿ’ ಎಂದು ಹೇಳಲು ನನಗೆ ಐವತ್ತೊಂದು ವರ್ಷ ಹಿಡಿಯಿತು.

ಗ್ರಹ ಸುಟ್ಟದ್ದು ಟಿವಿಯಲ್ಲಿ. ಬೇರೆ ಭಾಷೆಯ ಸೀರಿಯಲ್ಲುಗಳನ್ನು ಕನ್ನಡಕ್ಕೆ ಡಬ್ ಮಾಡುವ ಸ್ಟುಡಿಯೋದಲ್ಲಿ ನಾನು ದನಿ ಕೊಡುವವನು. ನಾನು ಗ್ರಹ ಸುಟ್ಟ ಸೀರಿಯಲ್ಲಿನ ಕಥೆ ಇಷ್ಟೇ: ಒಬ್ಬ ಕ್ಯಾಪ್ಟನಮ್ಮ ಕಾಲಯಂತ್ರ ಹತ್ತಿ ಹಿಂದಿನ ಕಾಲಕ್ಕೆ ಹೋಗಿ ಭೂಮಿಯನ್ನು ಉಳಿಸಲು ನೋಡುತ್ತಾಳೆ. ಅವಳಿಗೆ ನೆರವಾಗುತ್ತೇನೆಂದು ದೂರದ ಲೋಕದಿಂದ ಒಬ್ಬ ದೂತ ಬರುತ್ತಾನೆ. ನೆರವೆಲ್ಲ ನಾಟಕ, ಭೂಮಿಯನ್ನು ತನ್ನವರ ಕೈಗೆ ಒಪ್ಪಿಸುವುದೇ ಅವನ ಒಳಗಿನ ಲೆಕ್ಕಾಚಾರ. ಆ ದೂತ ನಾನು.

ದೂತನಿಗೆ ಬಾಯಿ ಇರಲಿಲ್ಲ. ಮೂಗಿನಿಂದ ಕೆಳಗೆ ಮುಖವಾಡ ತವೆಯ ಹಾಗೆ ಸಪಾಟು. ಡಬ್ಬಿಂಗ್‌ನವರಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ತುಟಿ ಕಾಣುವ ಪಾತ್ರವಾದರೆ ಅದು ಬಾಯಿ ತೆರೆದಾಗ ತೆರೆಯಬೇಕು, ಮುಚ್ಚಿದಾಗ ಮುಚ್ಚಬೇಕು. ನನ್ನ ದೂತ ತೆರೆಯ ಮೇಲೆ ನಿಂತಿರುವಷ್ಟು ಹೊತ್ತು ನಾನು ಏನು ಬೇಕಾದರೂ ಆಡಬಹುದು.

ಕ್ಯಾಪ್ಟನ್‌ಗೆ ದನಿ ಕೊಡುತ್ತಿದ್ದಾಕೆಯನ್ನು ನಾನು ನೋಡಿಯೇ ಇರಲಿಲ್ಲ. ಈಗೆಲ್ಲ ಒಬ್ಬೊಬ್ಬರೇ ಬಂದು ಡಬ್ ಮಾಡಿ ಹೋಗುವುದು. ಆಕೆ ಸೋಮವಾರ, ನಾನು ಗುರುವಾರ. ಆಕೆಯ ಸೋಮವಾರ ನನ್ನ ಹೆಡ್‌ಫೋನಿಗೆ ಗುರುವಾರ ಬರುತ್ತಿತ್ತು. ನನ್ನ ಗುರುವಾರವನ್ನು ಆಕೆ ಮುಂದಿನ ಸೋಮವಾರ, ಹೊಸ ಕಂತಿಗೆ ಮುಂಚೆ ಹಳೆಯದನ್ನೊಮ್ಮೆ ಹಾಕಿದಾಗ ಕೇಳುತ್ತಿದ್ದಳು. ಕಾಲಯಂತ್ರ ಎಂದರೆ ಇದೇ. ಸೀರಿಯಲ್ಲಿನವರು ಸುಮ್ಮನೆ ಅಷ್ಟೊಂದು ಹೊಗೆ ಬಿಡುತ್ತಿದ್ದರು.

ನಾಲ್ಕನೇ ಕಂತಿನಲ್ಲಿ ಕ್ಯಾಪ್ಟನ್ ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ ಕಿಟಕಿಯತ್ತ ನಡೆದಳು. ಆಗ ನನ್ನ ಕಿವಿಯಲ್ಲಿ ಸಣ್ಣಗೆ, “ಅಬ್ಬಾ, ಗಂಟಲು ಒಣಗ್ಹೋಯ್ತು.”

ಅದು ಸ್ಕ್ರಿಪ್ಟಿನಲ್ಲಿರಲಿಲ್ಲ. ನನ್ನ ಸರದಿ ಬಂತು. ದೂತನ ಗಡಸು ದನಿಯಲ್ಲೇ, “ನೀರು ಕುಡೀರಿ,” ಎಂದೆ.

ಮುಂದಿನ ಗುರುವಾರ ಕ್ಯಾಪ್ಟನ್ ಬೆನ್ನು ತಿರುಗಿಸಿದಳು. “ಕುಡಿದೆ. ನೀವು ಹೇಗಿದ್ದೀರಿ?”

ನಮ್ಮ ಸೌಂಡ್ ಇಂಜಿನಿಯರ್ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ. ಟಿವಿಗೆ ಕಳಿಸುವ ಮುಂಚೆ ಈ ಹೆಚ್ಚಿನ ಮಾತುಗಳನ್ನೆಲ್ಲ ಅವರೇ ಒರೆಸುತ್ತಿದ್ದರು. “ನನ್ನ ಕಂಪ್ಯೂಟರ್ ಏನು ಅಂಚೆ ಡಬ್ಬೀನಾ?” ಎಂದು ಬೈಯುತ್ತಿದ್ದರು. ಆದರೆ ನಮಗಿಬ್ಬರಿಗೂ ಕೇಳಿಸುವ ಮುಂಚೆ ಒಂದನ್ನೂ ಒರೆಸಿದವರಲ್ಲ.

ಬೆನ್ನು ಕಾಣುವುದು ಎಷ್ಟು ಹೊತ್ತು? ಮೂರು ಸೆಕೆಂಡು, ನಾಲ್ಕು ಸೆಕೆಂಡು. ಆಕೆಗೆ ಪ್ರಶ್ನೆ ಕೇಳಲು ಮಾತ್ರ ಸಮಯ. ನನಗೋ ಉತ್ತರಕ್ಕೆ ಬೇಕಾದಷ್ಟು ಜಾಗ. ಏಳನೇ ಕಂತಿನಲ್ಲಿ ಆಕೆ ಕೇಳಿದಳು, “ಮನೇಲಿ ಯಾರ್ಯಾರಿದ್ದೀರಿ?”

ಅಂದು ದೂತ ನಲವತ್ತು ಸೆಕೆಂಡು ಗೋಡೆಗೊರಗಿ ನಿಂತಿದ್ದ. ‘ಯಾರೂ ಇಲ್ಲ’ ಎನ್ನಲು ಒಂದು ಸೆಕೆಂಡು ಸಾಕು. ಉಳಿದ ಮೂವತ್ತೊಂಬತ್ತನ್ನು ಏನು ಮಾಡಲಿ? ಅಮ್ಮನನ್ನು ಕರೆದುಕೊಂಡು ಬಂದೆ. ಹಿಂದೆಯೇ ಅಕ್ಕ ಬಂದಳು, ಅವಳ ಅವಳಿ ಮಕ್ಕಳು ಬಂದರು. ಭಾವನಿಗೆ ಜಾಗ ಸಾಲದೆ ಹಡಗಿನ ಕೆಲಸಕ್ಕೆ ಕಳಿಸಿದೆ.

ಅಲ್ಲಿಂದ ಸೋಮವಾರಗಳೆಲ್ಲ ಅವರದೇ ಆದವು.

“ಅಕ್ಕನ ಮಂಡಿನೋವು ಹೇಗಿದೆ?”

“ಮಕ್ಕಳು ಪರೀಕ್ಷೆ ಪಾಸಾದ್ವಾ?”

“ಅಮ್ಮ ಇನ್ನೂ ಸಿಟ್ಟಲ್ಲೇ ಇದ್ದಾರಾ?”

ಅವಳಿಗಳಲ್ಲಿ ಒಬ್ಬನನ್ನು ನೀರಿನ ಟ್ಯಾಂಕಿಗೆ ಬೀಳಿಸಿ, ಇಡೀ ಬೀದಿಯವರಿಂದ ಮೇಲೆತ್ತಿಸಿದೆ. ಬಚ್ಚಲುಮನೆಗೆ ಬೆಳಿಗ್ಗೆ ಕ್ಯೂ ನಿಲ್ಲುವುದನ್ನು ಎಷ್ಟು ಚೆನ್ನಾಗಿ ಹೇಳಿದೆನೆಂದರೆ, ಮನೆಯ ಬಚ್ಚಲ ಬಾಗಿಲನ್ನು ಒಂದೆರಡು ಸಲ ತಟ್ಟಿ ಒಳಗೆ ಹೋಗಿದ್ದುಂಟು. ಆದರೆ ಗುರುವಾರ ಸಂಜೆ ಬೀಗ ತೆಗೆಯುವಾಗ ಮಾತ್ರ ಕಷ್ಟವಾಗುತ್ತಿತ್ತು. ಮೊದಲೆಲ್ಲ ಮನೆ ಬರೀ ಖಾಲಿ ಇತ್ತು. ಈಗ, ಅಷ್ಟು ಜನ ನನ್ನೊಬ್ಬನನ್ನೇ ಬಿಟ್ಟು ಎಲ್ಲಿಗೋ ಹೊರಟುಹೋದ ಹಾಗೆ ಖಾಲಿ.

ಇಪ್ಪತ್ತೈದನೇ ಕಂತು. ಇನ್ನೊಂದು ಕಂತಿಗೆ ಸೀರಿಯಲ್ ಮುಗಿಯುತ್ತಿತ್ತು. ಬೆನ್ನು ತಿರುಗಿತು.

“ಇದು ಮುಗಿದ್ಮೇಲೆ ಒಂದಿನ ಅಕ್ಕನ್ನ ನೋಡಕ್ಕೆ ಬರ್ಲಾ?” ಸ್ವಲ್ಪ ಉಸಿರು. “ನಿಮ್ಮನ್ನೂ.”

ಆ ಎರಡನೇ ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಮೊದಲನೆಯದಕ್ಕೆ ತೋರಿಸಲು ನನ್ನಲ್ಲಿ ಅಕ್ಕನೇ ಇರಲಿಲ್ಲ. ನಿಜ ಹೇಳಲು ಇದೇ ಹೊತ್ತು. ಬಾಯಿ ತೆರೆದೆ.

“ಬನ್ನಿ ಬನ್ನಿ. ಅಕ್ಕ ಕಾಯ್ತಿರ್ತಾಳೆ.”

ಗಾಜಿನ ಆಚೆ ದೊಡ್ಡಮ್ಮ ಹಣೆ ಚಚ್ಚಿಕೊಂಡರು.

ಹೊರಗೆ ಬಂದವನು ನಿಂತಲ್ಲೇ ಲೆಕ್ಕ ಹಾಕಿದೆ. ಆಕೆಯ ಕೊನೆಯ ಸೋಮವಾರ ನನ್ನ ಕೊನೆಯ ಗುರುವಾರಕ್ಕಿಂತ ಮುಂಚೆ. ನಾನು ಗುರುವಾರ ಏನೇ ಒಪ್ಪಿಕೊಂಡರೂ ಅದನ್ನು ಕೇಳಲು ಆಕೆಗೆ ಇನ್ನೊಂದು ಸೋಮವಾರ ಇಲ್ಲ. ಆಕೆ ನೇರ ಮನೆಗೇ ಬರುತ್ತಾಳೆ, ಅಕ್ಕನನ್ನು ಹುಡುಕಿಕೊಂಡು.

“ದೊಡ್ಡಮ್ಮ, ನನ್ನ ಡಬ್ಬಿಂಗ್ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹಾಕಿ. ಆಕೆಗಿಂತ ಮುಂಚೆ.”

“ನೀನು ಗುರುವಾರದೋನಲ್ವೇನಯ್ಯಾ?”

“ಮೂರು ದಿನ ಹಿಂದಕ್ಕೆ ಹೋಗ್ಬೇಕು.”

“ಹೋಗಪ್ಪ ಹೋಗು,” ಎಂದರು ದೊಡ್ಡಮ್ಮ. “ಇಪ್ಪತ್ತೆರಡು ವಾರದಿಂದ ನಿಂದೊಂದು, ಅವಳದೊಂದು ಕೇಳಿ ಕೇಳಿ ನನಗೇ ಬಿ.ಪಿ. ಬಂದಿದೆ.”

ಸೋಮವಾರ, ಕೊನೆಯ ಕಂತು. ದೂತ ತಾನು ಮೋಸಗಾರನೆಂದು ಬಾಯಿಬಿಡುವ ದೃಶ್ಯ. ಸ್ಕ್ರಿಪ್ಟಿನಲ್ಲಿದ್ದದ್ದು: “ಕ್ಯಾಪ್ಟನ್, ಮೊದಲ ದಿನದಿಂದ ನಾನು ಹೇಳಿದ್ದೆಲ್ಲ ಸುಳ್ಳು.” ಆಮೇಲೆ ಐವತ್ತು ಸೆಕೆಂಡು ಆ ಸಪಾಟು ಮುಖದ ಮೇಲೆ ಬೆಳಕು.

ದೂತನ ದನಿ ಬಿಟ್ಟು ನನ್ನ ದನಿಯಲ್ಲೇ ಹೇಳಿದೆ.

“ಅಕ್ಕ ಇಲ್ಲ. ಮಕ್ಕಳಿಲ್ಲ. ಅಮ್ಮ ಹೋಗಿ ಹನ್ನೆರಡು ವರ್ಷ ಆಯ್ತು. ಮನೇಲಿ ನಾನೊಬ್ನೇ. ನೀವು ಕೇಳ್ತಿದ್ರಲ್ಲ, ಅದಕ್ಕೇ ಹೇಳ್ತಾ ಹೋದೆ. ನೀವು ಕೇಳೋದು ನಿಂತ್ಹೋದ್ರೆ ಅಂತ ಹೆದರಿಕೆ.”

ಇಪ್ಪತ್ತು ಸೆಕೆಂಡೂ ಆಗಲಿಲ್ಲ. ಉಳಿದದ್ದನ್ನು ಈ ಸಲ ಖಾಲಿ ಬಿಟ್ಟೆ.

ಓಡಿಹೋಗುವವನಿದ್ದೆ. ದೊಡ್ಡಮ್ಮ ತಮ್ಮ ಹಿಂದಿದ್ದ ಕುರ್ಚಿ ತೋರಿಸಿದರು. “ಕೂತ್ಕೋ. ಗ್ರಹ ಸುಟ್ಟಿದೀಯಂತೆ, ಒಂದು ಗಂಟೆ ಕೂರಕ್ಕೆ ಭಯಾನಾ?”

ಹನ್ನೊಂದಕ್ಕೆ ಆಕೆ ಬಂದಳು. ನನ್ನ ವಯಸ್ಸಿನವಳೇ. ಕತ್ತರಿಸಿದ ನರೆಗೂದಲು, ತಲೆಯ ಮೇಲೇರಿಸಿದ ಕನ್ನಡಕ, ಹೆಗಲಲ್ಲಿ ತುಂಬಿದ ಬಟ್ಟೆಯ ಚೀಲ. ನನ್ನತ್ತ ನೋಡದೆ ಗಾಜಿನ ಆಚೆ ಹೋಗಿ ಮೈಕಿನ ಮುಂದೆ ನಿಂತಳು. ಚೀಲದಿಂದ ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದಳು. ಇಷ್ಟು ದಿನ ಬರೀ ಬೆನ್ನು ಕಂಡವನಿಗೆ ಅಂದು ಮುಖ ಸಿಕ್ಕಿತು. ನೋಡಲು ಧೈರ್ಯ ಸಾಲದೆ ಬಾಟಲಿಯನ್ನೇ ನೋಡುತ್ತಿದ್ದೆ.

ದೊಡ್ಡಮ್ಮ ಆ ದೃಶ್ಯ ಹಾಕಿದರು. ಆಕೆಯ ಎರಡೂ ಕೈ ಹೆಡ್‌ಫೋನಿನ ಮೇಲೆ ಹೋದವು.

“ಇನ್ನೊಂದ್ಸಲ ಹಾಕಿ,” ಎಂದಳು. ಹಾಕಿದರು. “ಇನ್ನೊಂದ್ಸಲ.”

ಆಮೇಲೆ ಕ್ಯಾಪ್ಟನ್ನಿನ ಮಾತು. “ನಿನ್ನನ್ನು ನಂಬಿದ್ದೆ.” ತೆರೆಯ ಮೇಲಿನ ತುಟಿಗೆ ಮಾತು ಸರಿಯಾಗಿ ಕೂಡಿತು. ದನಿ ಕೊನೆಯಲ್ಲಿ ಒಡೆಯಿತು. ದೊಡ್ಡಮ್ಮ ಒಂದೇ ಟೇಕಿಗೆ ಓಕೆ ಅಂದರು. ಅವರು ಹಾಗಂದದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ.

ಕೆಲಸ ಮುಗಿಸಿ ಹೊರಬಂದವಳು ನನ್ನ ಕುರ್ಚಿಯ ಮುಂದೆ ನಿಂತಳು. ದೂತ ಯಾರೆಂದು ಹೇಳಿಕೊಡಬೇಕಾಗಿರಲಿಲ್ಲ. ಮುಖವಾಡವಿಲ್ಲದೆಯೂ ನನಗೆ ಬಾಯಿ ಇರಲಿಲ್ಲ.

“ನಾಲ್ಕು ಜನ ರೀ,” ಎಂದಳು. “ಒಂದೇ ಬೆಳಿಗ್ಗೆ ನಾಲ್ಕು ಜನಾನ ಕಳ್ಕೊಂಡೆ ನಾನು.”

“ಐದು,” ಎಂದೆ. “ಭಾವ ಹಡಗಲ್ಲಿದ್ರು.”

ನಗಲಿಲ್ಲ. “ಬಸ್ಸಲ್ಲಿ ಹೋಗ್ತಾ ಅವರನ್ನೇ ನೆನೆಸ್ಕೊತಿದ್ದೆ. ಆ ಟ್ಯಾಂಕಿಗೆ ಬಿದ್ದ ಹುಡುಗನಿಗೋಸ್ಕರ ಒಂದು ವಾರ ನಿದ್ದೆ ಮಾಡಿಲ್ಲ, ಗೊತ್ತಾ?”

“ತಪ್ಪಾಯ್ತು.”

“ತಪ್ಪಾಯ್ತು ಅಂದ್ರೆ ಅವರು ವಾಪಸ್ ಬರ್ತಾರಾ?”

ಆಕೆ ಬಾಗಿಲವರೆಗೆ ಹೋದಳು. ಹೋಗೇಬಿಟ್ಟಳು ಎಂದುಕೊಂಡೆ. ಅಲ್ಲೇ ನಿಂತು, “ಕೂತೇ ಇರ್ತೀರಾ? ಸಾವಿನ ಮನೇಲಿ ಒಬ್ರನ್ನೇ ಬಿಡಬಾರ್ದು. ಕಾಫಿಗೆ ಬನ್ನಿ,” ಎಂದಳು.

ಕ್ಯಾಂಟೀನಿನಲ್ಲಿ ಎದುರುಬದುರು ಕೂತೆವು. ಆಕೆ ತನ್ನ ಕಾಫಿ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಈಗ ನಿಜ ಹೇಳಿ. ನಿಮ್ಮನೇಲಿ ಏನಿದೆ?”

ಎಷ್ಟೋ ಯೋಚಿಸಿದೆ. “ಒಂದು ಫ್ರಿಜ್ ಇದೆ. ಹಳೇದು. ಇದ್ದಕ್ಕಿದ್ದ ಹಾಗೆ ಗುರ್ ಅನ್ನತ್ತೆ. ಸುಮ್ನಿರೋ ಅಂತೀನಿ.”

“ಸುಮ್ನಿರತ್ತಾ?”

“ಸ್ವಲ್ಪ ಹೊತ್ತು.”

ಆಕೆ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದಳು. ತಲೆಯ ಮೇಲಿದ್ದ ಕನ್ನಡಕ ಇಳಿಸಿ, ಮೊದಲ ಸಲ ನನ್ನನ್ನು ಪೂರ್ತಿ ನೋಡಿದಳು.

“ನಮ್ಮನೇದು ನನ್ನ ಮಾತೇ ಕೇಳಲ್ಲ ರೀ,” ಎಂದಳು. “ಒಂದಿನ ಬಂದು ನೀವು ಹೇಳಿ ನೋಡಿ.”