ಮೈಕ್ರೋಸ್ಕೋಪಿನ ಮೂರು ಒರಿಜಿನಲ್

"ಇಲ್ಲಿ ಸೈನ್ ಮಾಡು. ಆಮೇಲೆ ಇಲ್ಲಿ. ಇನ್ನೊಂದು ಇಲ್ಲಿ."

"ಆಯ್ತು," ಅಂದ ಹುಡುಗ.

ಏನು ಹೇಳಿದರೂ ‘ಆಯ್ತು’ ಅನ್ನುತ್ತಿದ್ದುದರಿಂದ ಐದನೇ ಕ್ಲಾಸಿನಲ್ಲಿ ಅವನ ಹೆಸರೇ ಆಯ್ತು ಎಂದಾಗಿಹೋಗಿತ್ತು. ಸೈನ್ ಮಾಡಿಸುತ್ತಿದ್ದವಳನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ಅವಳೇನೂ ಯಾವ ಟೀಮಿಗೂ ಕ್ಯಾಪ್ಟನ್ ಅಲ್ಲ. ಕಂಡವರಿಗೆಲ್ಲ ಆರ್ಡರ್ ಮಾಡುತ್ತಿದ್ದಳು, ಅಷ್ಟೇ. ಆ ಕೆಲಸಕ್ಕೆ ಅವಳನ್ನು ಯಾರೂ ನೇಮಿಸಬೇಕಾಗಿರಲಿಲ್ಲ.

ಇಬ್ಬರ ನಡುವೆ ಕಾರಿಡಾರಿನ ಬೆಂಚಿನ ಮೇಲೆ ಒಂದು ಮರದ ಪೆಟ್ಟಿಗೆ ಇತ್ತು. ಅದರಲ್ಲಿ ಸ್ಕೂಲಿನ ಮೈಕ್ರೋಸ್ಕೋಪ್. ಸೈನ್ಸ್ ಕ್ಲಬ್ಬಿನ ಮಕ್ಕಳು ಸರದಿಯ ಪ್ರಕಾರ ಅದನ್ನು ಎರಡೆರಡು ದಿನ ಮನೆಗೆ ಒಯ್ಯಬಹುದಿತ್ತು. ಬೇರೆಯವರಾದರೆ "ತಗೋ" ಅಂತ ಪೆಟ್ಟಿಗೆ ಕೊಟ್ಟು ಆಟಕ್ಕೆ ಓಡುತ್ತಿದ್ದರು. ಕ್ಯಾಪ್ಟನ್ ಅಂಥವಳಲ್ಲ. ಅವಳ ಅಮ್ಮನಿಗೆ ಹಾರ್ಬರಿನಲ್ಲಿ ಕೆಲಸ. ಹಡಗಿಗೆ ಹತ್ತುವ ಸರಕನ್ನು ಎಣಿಸಿ, ಅದು ಹೇಗಿದೆ ಅಂತ ನೋಡಿ ರಸೀದಿ ಬರೆಯುತ್ತಾರೆ. ಆ ರಸೀದಿ ನೋಡಿಕೊಂಡೇ ಹಡಗಿನ ಕಂಪನಿಯವರು ಬಿಲ್ ಆಫ್ ಲೇಡಿಂಗ್ ಅನ್ನುವ ದೊಡ್ಡ ಕಾಗದ ಮಾಡುತ್ತಾರೆ. ಯಾರು ಕಳಿಸಿದರು, ಯಾರಿಗೆ ಸೇರಬೇಕು, ಏನಿದೆ, ಹೇಗಿದೆ, ಎಲ್ಲ ಅದರಲ್ಲಿರುತ್ತದೆ. ಇಂಥ ಅಮ್ಮನ ಮಗಳು ಒಂದು ಪೆಟ್ಟಿಗೆಯನ್ನು ಸುಮ್ಮನೆ ಕೊಟ್ಟುಬಿಟ್ಟರೆ ಮನೆತನದ ಮರ್ಯಾದೆ ಏನಾಗಬೇಕು?

ಹಾಗಾಗಿ ಅವಳು ಸ್ಕೇಲ್ ಇಟ್ಟು ಗೆರೆ ಎಳೆದು ಕಾಗದ ತಯಾರಿಸಿದ್ದಳು.

ಕಳಿಸುವವರು: ಕ್ಯಾಪ್ಟನ್.
ಪಡೆಯುವವರು: ಆಯ್ತು.
ಒಳಗೆ ಇದೆ ಎಂದು ಹೇಳಲಾದ ವಸ್ತು: ಮೈಕ್ರೋಸ್ಕೋಪ್, ಒಂದು.
ಸ್ಥಿತಿ: ಹೊರಗಿನಿಂದ ನೋಡಲು ಚೆನ್ನಾಗಿದೆ.
ಷರಾ: ಏನೂ ಇಲ್ಲ.

"ಹೇಳಲಾದ ಅಂದ್ರೆ ಏನು?" ಆಯ್ತು ಕೇಳಿದ.

"ಹಡಗಿನ ಕಾಗದದಲ್ಲಿ ಹಾಗೇ ಬರೆಯೋದು. ಪ್ಯಾಕ್ ಮಾಡಿದ್ದನ್ನೆಲ್ಲ ಯಾರು ಬಿಚ್ಚಿ ನೋಡ್ತಾ ಕೂರ್ತಾರೆ?"

"ನಾನು ಒಂದ್ಸಲ ಬಿಚ್ಚಿ ನೋಡ್ಲಾ?"

"ನಿನ್ನ ಬಸ್ ಬಂತು ನೋಡು."

ಬಸ್ ಬಂದಿರಲಿಲ್ಲ. ಅಷ್ಟರಲ್ಲಿ ಅವನು "ಆಯ್ತು" ಅಂದಾಗಿತ್ತು. ಕ್ಯಾಪ್ಟನ್ ಒಂದು ಕಾಗದ ಅವನಿಗೆ ಕೊಟ್ಟಳು, ಒಂದನ್ನು ತಾನು ಇಟ್ಟುಕೊಂಡಳು, ಇನ್ನೊಂದನ್ನು ಸೈನ್ಸ್ ಮಿಸ್‌ಗೆ ಅಂತ ತೆಗೆದಿಟ್ಟಳು. "ಮೂರೂ ಒರಿಜಿನಲ್ಲೇ. ಹಡಗಿನದ್ದೂ ಹಾಗೇ, ಮೂರು ಒರಿಜಿನಲ್ ಇರುತ್ತೆ," ಅಂದಳು. ಆಯ್ತು ತನ್ನದನ್ನು ನಾಲ್ಕು ಮಡಿಕೆ ಮಾಡಿ, ಜೇಬಿನಲ್ಲಿಟ್ಟು, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟ.

ಇನ್ನು ಪೆಟ್ಟಿಗೆಯ ಒಳಗಿನ ಸಮಾಚಾರ.

ಮೈಕ್ರೋಸ್ಕೋಪಿನ ಕೆಳಗೆ ಒಂದು ಪುಟ್ಟ ಗುಂಡು ಕನ್ನಡಿ ಇರುತ್ತದೆ. ಬೆಳಕನ್ನು ಹಿಡಿದು ಮೇಲಕ್ಕೆ ಕಳಿಸುವುದು ಅದರ ಕೆಲಸ. ಅದಿಲ್ಲದಿದ್ದರೆ ಒಳಗೆ ಬರೀ ಕತ್ತಲೆ. ಭಾನುವಾರ ಕ್ಯಾಪ್ಟನ್ ಆ ಕನ್ನಡಿಯನ್ನು ಕಳಚಿ, ಕಿಟಕಿಯ ಬಿಸಿಲನ್ನು ಪಕ್ಕದ ಮನೆ ಬೆಕ್ಕಿನ ಮೂತಿಗೆ ಬಿಟ್ಟು ಮಹತ್ವದ ಸಂಶೋಧನೆಯೊಂದನ್ನು ನಡೆಸಿದ್ದಳು. ಬೆಕ್ಕು ಮಾರುದ್ದ ಹಾರಿತು. ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಟ್ಟೆ ಹಿಡಿದುಕೊಂಡ ಮೇಲೆ ಕನ್ನಡಿ ಹಿಡಿಯಲು ಕೈ ಎಲ್ಲಿರುತ್ತದೆ?

ಕನ್ನಡಿ ಸರಿಯಾಗಿ ಎರಡು ಹೋಳಾಯಿತು. ಎರಡನ್ನೂ ಅದರ ಚೌಕಟ್ಟಿನಲ್ಲಿ ಕೂರಿಸಿ, ಉಸಿರು ಬಿಗಿಹಿಡಿದು ಪೆಟ್ಟಿಗೆ ಮುಚ್ಚಿದಳು. ಸೋಮವಾರ ಸ್ಕೂಲಿನ ಮೆಟ್ಟಿಲು ಹತ್ತುವಾಗ ಒಳಗಿನಿಂದ ಟಣ್ ಅಂತ ಸದ್ದು ಬಂತು. ಅವಳಿಗೆ ಕೇಳಿಸಲಿಲ್ಲ. ಅಂದರೆ ಕೇಳಿಸಿತು, ಆದರೆ ಹೊರಗಿನಿಂದ ನೋಡಲು ಪೆಟ್ಟಿಗೆ ಚೆನ್ನಾಗಿಯೇ ಇತ್ತು.

ಬುಧವಾರ ಸೈನ್ಸ್ ಪೀರಿಯಡ್ಡಿನಲ್ಲಿ ಮಿಸ್ ಪೆಟ್ಟಿಗೆ ತೆರೆದರು. ಅವರು ಬಾಯಿ ತೆರೆಯುವ ಮೊದಲೇ ಆಯ್ತು ಎದ್ದು ನಿಂತ.

"ಸಾರಿ ಮಿಸ್. ಬಸ್ಸಲ್ಲಿ ತೊಡೆ ಮೇಲೇ ಇಟ್ಕೊಂಡಿದ್ದೆ. ಮನೆಗೆ ಹೋಗಿ ನೋಡಿದ್ರೆ ಕನ್ನಡಿ ಒಡೆದಿತ್ತು. ಎಲ್ಲಿ ತಾಗಿಸಿದೆ ಅಂತ ನಂಗೇ ಗೊತ್ತಿಲ್ಲ."

ಕ್ಯಾಪ್ಟನ್ ತಲೆ ಎತ್ತಿದಳು. ಅವನು ಜಗಳಕ್ಕೆ ಬಂದರೆ ಏನು ಹೇಳಬೇಕೆಂದು ಎರಡು ದಿನದಿಂದ ತಯಾರಾಗಿದ್ದಳು. ಇದಕ್ಕೆ ತಯಾರಾಗಿರಲಿಲ್ಲ.

"ಕೊಡುವಾಗಲೇ ಒಡೆದಿತ್ತೇನೋ?" ಮಿಸ್ ಕೇಳಿದರು.

"ಇಲ್ಲ ಮಿಸ್, ಚೆನ್ನಾಗೇ ಇತ್ತು. ನಾನು ಸೈನ್ ಮಾಡಿದೀನಿ." ಅವನು ಜೇಬಿನಿಂದ ಕಾಗದ ತೆಗೆದು ಬಿಡಿಸಿ ತೋರಿಸಿದ.

ಮಿಸ್ ಅದನ್ನು ಓದಿ ಭಾರೀ ಮೆಚ್ಚಿಕೊಂಡರು. "ಇಲ್ಲಿ ನೋಡಿ ಎಲ್ರೂ. ಜವಾಬ್ದಾರಿ ಅಂದ್ರೆ ಹೀಗಿರಬೇಕು. ಹಳೇ ಮೈಕ್ರೋಸ್ಕೋಪಿನ ಕನ್ನಡಿ ತೆಗೆದು ಇದಕ್ಕೆ ಹಾಕಿಸ್ತೀನಿ. ಶನಿವಾರದ ಸೈನ್ಸ್ ಪ್ರದರ್ಶನದಲ್ಲಿ ಇದನ್ನ ಆಯ್ತುವಿನ ಬದಲು ಕ್ಯಾಪ್ಟನ್ ನೋಡ್ಕೊಳ್ಳಲಿ."

ಕ್ಲಾಸು ಚಪ್ಪಾಳೆ ತಟ್ಟಿತು. ಯಾವುದಕ್ಕೆ ಚಪ್ಪಾಳೆ ಅಂತ ತಿಳಿದುಕೊಳ್ಳುವ ಕೆಟ್ಟ ಅಭ್ಯಾಸ ಆ ಕ್ಲಾಸಿಗೆ ಇರಲಿಲ್ಲ.

"ಆಯ್ತು ಮಿಸ್," ಅಂದು ಅವನು ಕೂತ. ಊಟದ ಬಿಡುವಿನಲ್ಲಿ ಕ್ಯಾಪ್ಟನ್ ಹತ್ತಿರ ಬಂದು ಒಂದು ಬೆಂಕಿಪೊಟ್ಟಣ ಕೊಟ್ಟ. ಅದರಲ್ಲಿ ಚಿಟ್ಟೆಯ ರೆಕ್ಕೆಯ ಚೂರು, ಇರುವೆಯ ಕಾಲು, ಅವನ ಅಜ್ಜಿಯ ಒಂದು ಬಿಳಿ ಕೂದಲು ಇದ್ದವು.

"ಶನಿವಾರಕ್ಕೆ ಅಂತ ಮೂರು ವಾರದಿಂದ ಸೇರಿಸಿದ್ದು. ಈಗ ನೀನೇ ತೋರಿಸು. ನೀನು ಪಾಪ ಅಷ್ಟು ಚೆನ್ನಾಗಿ ಕೊಟ್ಟಿದ್ದೆ, ನಾನೇ ಹಾಳು ಮಾಡ್ದೆ."

ಕ್ಯಾಪ್ಟನ್ ಬೆಂಕಿಪೊಟ್ಟಣವನ್ನು ಬ್ಯಾಗಿನ ತಳಕ್ಕೆ ತುರುಕಿದಳು.

ಸಂಜೆ ಮನೆಗೆ ಬಂದರೆ ಅಮ್ಮ ಇನ್ನೂ ಹಾರ್ಬರಿನ ಬೂಟು ಬಿಚ್ಚಿರಲಿಲ್ಲ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು.

"ನಲವತ್ತು ಪೆಟ್ಟಿಗೆ ಒದ್ದೆ ಆಗಿವೆ ಸಾರ್. ನಾನೇ ಮುಟ್ಟಿ ನೋಡಿದೀನಿ... ಒಣಗ್ತವಾ? ಎಲ್ಲಿ ಸಾರ್, ಸಮುದ್ರದ ಮೇಲೆ ಹೋಗ್ತಾ ಹೋಗ್ತಾ ಒಣಗ್ತವಾ?... ಬೇರೆ ಪತ್ರ ಬರೆದುಕೊಡ್ತೀರಾ, ಏನಾದ್ರೂ ಆದ್ರೆ ಜವಾಬ್ದಾರಿ ನಿಮ್ಮದೇ ಅಂತ? ಅಷ್ಟು ಜವಾಬ್ದಾರಿ ಇರೋರು, ಒದ್ದೆ ಅಂತ ಬರೆದ್ರೆ ಯಾಕೆ ಸಾರ್ ಹೆದರ್ತೀರಾ?... ಆಗಲಿ, ಮ್ಯಾನೇಜರ್‌ಗೇ ಹೇಳಿ. ಇಡ್ತೀನಿ."

"ಯಾರಮ್ಮ ಅದು?"

"ಪೆಟ್ಟಿಗೆ ಕಳಿಸೋರು. ಕ್ಲೀನ್ ಕಾಗದ ಬೇಕಂತೆ. ಷರಾ ಕಾಲಂ ಖಾಲಿ ಇದ್ರೆ ಅದಕ್ಕೆ ಕ್ಲೀನ್ ಅಂತಾರೆ."

"ಪೆಟ್ಟಿಗೆ ಒದ್ದೆ ಇದ್ರೂನಾ?"

"ಕಾಗದ ಒಣಗಿದ್ರೆ ಅವರಿಗೆ ಸಾಕು. ಆ ಕಡೆ ಕೊಂಡುಕೊಳ್ಳೋರಿಗೆ ಪೆಟ್ಟಿಗೆ ಕಾಣ್ತದಾ? ಅದು ಸಮುದ್ರದ ಮಧ್ಯೆ ಇರುತ್ತೆ. ಅವರು ನಂಬೋದು ಕಾಗದಾನ." ಅಮ್ಮ ಬೂಟಿನ ಲೇಸು ಬಿಚ್ಚತೊಡಗಿದರು. "ಕೊನೆಗೆ ಬಿಚ್ಚಿ ನೋಡಿದಾಗ ತಪ್ಪು ಹಡಗಿನೋರ ತಲೆಗೆ. ಅವರು ಹೊತ್ಕೊಂಡು ಹೋಗಿದ್ದಷ್ಟೇ ಪಾಪ."

ಕ್ಯಾಪ್ಟನ್ ಸ್ವಲ್ಪ ಹೊತ್ತು ಗೋಡೆ ಕೆರೆದಳು. "ಹಡಗಿನೋರು, ದಾರೀಲಿ ನಾವೇ ಹಾಳು ಮಾಡಿದ್ವಿ ಅಂದ್ಕೊಂಡು ಸಾರಿ ಕೇಳಿದ್ರೆ?"

ಅಮ್ಮನಿಗೆ ನಗು ಬಂತು. "ಇಷ್ಟು ವರ್ಷದಲ್ಲಿ ಅಂಥ ಹಡಗು ನಾನಂತೂ ನೋಡಿಲ್ಲ ಮಗಳೇ."

ಕ್ಯಾಪ್ಟನ್ ನೋಡಿದ್ದಳು. ಅದು ಬಸ್ಸಿನಲ್ಲಿ ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಹೋಗಿತ್ತು. ಅವಳಿಗೆ ಎಷ್ಟು ನಾಚಿಕೆಯಾಯಿತೆಂದರೆ ಕಿವಿಯೆಲ್ಲ ಬಿಸಿಯಾಯಿತು.

ಒಳಗೆ ಹೋಗಿ ತನ್ನ ಒರಿಜಿನಲ್ ತೆಗೆದಳು. ‘ಏನೂ ಇಲ್ಲ’ ಎಂಬುದರ ಮೇಲೆ ಗೆರೆ ಎಳೆದು, ‘ಕನ್ನಡಿ ಸ್ವಲ್ಪ ಒಡೆದಿದೆ’ ಅಂತ ಸಣ್ಣ ಅಕ್ಷರದಲ್ಲಿ ಬರೆದಳು. ಆದಷ್ಟು ಸಣ್ಣ ಅಕ್ಷರದಲ್ಲಿ. ಓದಲು ಮೈಕ್ರೋಸ್ಕೋಪೇ ಬೇಕಿತ್ತು.

ಅಮ್ಮ ಹಿಂದೆ ನಿಂತಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ಅವರು ಕಾಗದವನ್ನು ಪೂರ್ತಿ ಓದಿದರು. ಬೈಯುತ್ತಾರೆ ಅಂತ ಕ್ಯಾಪ್ಟನ್ ಹೆಗಲು ಕುಗ್ಗಿಸಿದಳು. ಅಮ್ಮ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಸ್ವಲ್ಪ ಅಂದ್ರೆ ಎಷ್ಟು?"

"ಎರಡು ಹೋಳು."

"ಯಾವಾಗ? ಯಾರ ಕೈಯಲ್ಲಿ?"

ಕ್ಯಾಪ್ಟನ್ ಉತ್ತರವನ್ನು ಕಾಗದದ ಮೇಲೇ ಬರೆದಳು. ‘ಕನ್ನಡಿ ಎರಡು ಹೋಳಾಗಿದೆ. ಭಾನುವಾರ, ಕೊಡುವ ಮೊದಲೇ, ನನ್ನ ಕೈಯಲ್ಲಿ.’

"ಈಗ ಓದೋಕೆ ಬರುತ್ತೆ," ಅಂದರು ಅಮ್ಮ. "ಮಿಕ್ಕ ಎರಡು ಒರಿಜಿನಲ್ ಎಲ್ಲಿವೆ? ಒಂದರಲ್ಲಿ ಬರೆದು ಎರಡರಲ್ಲಿ ಬಿಟ್ರೆ ಅದು ಬರೆದ ಹಾಗಲ್ಲ. ತಿದ್ದಿದ ಕಡೆ ಇಬ್ಬರ ಸೈನೂ ಬೇಕು."

ಮೂರು ಒರಿಜಿನಲ್ ಮಾಡುವ ಜಾಣತನ ತನಗೆ ಯಾಕಾದರೂ ಬಂತೋ ಅನ್ನಿಸಿತು ಕ್ಯಾಪ್ಟನ್‌ಗೆ.

ಗುರುವಾರ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಸ್ಟಾಫ್ ರೂಮಿಗೆ ಹೋದಳು. ಮಿಸ್‌ಗೆ ಎಲ್ಲ ಹೇಳಿದಳು, ಬೆಕ್ಕನ್ನೂ ಬಿಡದೆ. ಮಿಸ್ ನಿನ್ನೆ ಮೆಚ್ಚಿಕೊಂಡಷ್ಟೇ ಉತ್ಸಾಹದಿಂದ ಇವತ್ತು ಬೈದರು. ಒಂದು ತಿಂಗಳು ಕ್ಲಬ್ಬಿಗೆ ಬರಬೇಡ ಅಂದರು. ಶನಿವಾರದ ಕೆಲಸ ಮತ್ತೆ ಆಯ್ತುಗೆ ಅಂದರು. ಅವರ ಒರಿಜಿನಲ್‌ನಲ್ಲೂ ಷರಾ ಬರೆದು, ಆಯ್ತುಗೆ ತೋರಿಸು ಅಂತ ಮಿಸ್ ಕೊಟ್ಟ, ಕನ್ನಡಿ ಇನ್ನೂ ಬದಲಾಗದ ಪೆಟ್ಟಿಗೆಯನ್ನು ಎತ್ತಿಕೊಂಡು ಅವಳು ಕಾರಿಡಾರಿಗೆ ಬಂದಳು. ಅತಿ ಕಷ್ಟದ್ದು ಇನ್ನೂ ಬಾಕಿ ಇತ್ತು.

ಆಯ್ತು ಅದೇ ಬೆಂಚಿನ ಮೇಲೆ ಕೂತಿದ್ದ. ಕ್ಯಾಪ್ಟನ್ ಪೆಟ್ಟಿಗೆ, ಬೆಂಕಿಪೊಟ್ಟಣ, ಎರಡು ಕಾಗದ ಅವನ ಪಕ್ಕ ಇಟ್ಟಳು.

"ನಿನ್ನದೂ ಕೊಡು. ಅದರಲ್ಲೂ ಬರೀಬೇಕು."

ಅವನು ಮೊದಲು ಅವಳು ಬರೆದದ್ದನ್ನು ಓದಿದ. ಇನ್ನೊಮ್ಮೆ ಓದಿದ.

"ಅಂದ್ರೆ ನಾನು ಒಡೆದಿಲ್ಲ."

"ಇಲ್ಲ."

"ಸೋಮವಾರ ರಾತ್ರಿ ಪೂರ್ತಿ ನೆನಪು ಮಾಡ್ಕೊಂಡೆ, ಎಲ್ಲಿ ತಾಗಿಸಿದೆ ಅಂತ."

ಕ್ಯಾಪ್ಟನ್ ಸಾರಿ ಅಂದದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಅವನು ಜೇಬಿನಿಂದ ತನ್ನ ಕಾಗದ ತೆಗೆದುಕೊಟ್ಟ. ಅವಳು ಅದರಲ್ಲೂ ಬರೆದು, ಪೆನ್ ಅವನ ಮುಂದೆ ಹಿಡಿದು, "ಇಲ್ಲಿ ಸೈನ್ ಮಾಡು," ಅಂದಳು.

ಇನ್ನೇನು ಅವನು ‘ಆಯ್ತು’ ಅನ್ನುತ್ತಾನೆ ಅಂದುಕೊಂಡಳು.

"ಮೊದಲು ಪೆಟ್ಟಿಗೆ ತೆಗಿ," ಅಂದ ಅವನು.

ಅವಳು ತೆರೆದಳು. ಅವನು ಮೈಕ್ರೋಸ್ಕೋಪನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಕನ್ನಡಿಯ ಎರಡು ಹೋಳನ್ನೂ ಬೆರಳಿನಿಂದ ಮೆಲ್ಲಗೆ ಮುಟ್ಟಿ ಎಣಿಸಿದ. ಅಷ್ಟರಲ್ಲಿ ಬೆಲ್ ಹೊಡೆಯಿತು, ಮಕ್ಕಳೆಲ್ಲ ಸಾಲಿಗೆ ಓಡಿದರು. ಕ್ಯಾಪ್ಟನ್ ಅವನಿಗೆ ‘ಬೇಗ’ ಅನ್ನಲಿಲ್ಲ. ಅವನು ನೋಡಿ ಮುಗಿಸುವವರೆಗೂ ಮುಚ್ಚಳ ಎತ್ತಿ ಹಿಡಿದುಕೊಂಡು ನಿಂತಿದ್ದಳು.