ಸೋಮವಾರ ಸಂಜೆಯ ಸಿಗ್ನಲ್

ಮಂಗಳವಾರ ಬೆಳಿಗ್ಗೆ ನಿಂಬರ್ಗಾ ಠಾಣೆಗೆ ಬಂದ ಮುಕ್ರಮ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ಸಂಜೆ ಹೆಂಡತಿ ಮಸರತಳಿಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸಿಗೆ ಕರೆಯೇ ಹೋಗಲಿಲ್ಲ. ಟಂಟಂ ಆಟೋ ಹಿಡಿದು ಆಳಂದದ ಆಸ್ಪತ್ರೆಗೆ ಹೊರಟರೆ ಮಗು ದಾರಿಯಲ್ಲೇ ಹುಟ್ಟಿತು. ಈಗದು ಕಲಬುರಗಿಯ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿತ್ತು.

“ಓಣಿಯಾಗ ಯಾರ ಫೋನಿಗೂ ಸಿಗ್ನಲ್ ಇರಲಿಲ್ಲರಿ ಮೇಡಂ,” ಎಂದ.

ಪಿಎಸ್‌ಐ ಶೈಲಶ್ರೀ ಟವರಿನವರನ್ನು ಕೇಳಿದರು, ಟವರು ನೆಟ್ಟಗಿತ್ತು. ಓಣಿಯ ಅಂಗಡಿಯವರನ್ನು ವಿಚಾರಿಸಿದರೆ ಸಿಗ್ನಲ್ ಹೋಗುವುದು ಸೋಮವಾರ ಸಂಜೆ, ಮತ್ತೆ ಅಮಾವಾಸ್ಯೆಯಂದು ಎಂದು ತಿಳಿಯಿತು. ಕೆಟ್ಟ ಟವರು ಪಂಚಾಂಗ ನೋಡಿ ಕೆಡುವುದಿಲ್ಲ. ಅಂದೇ ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಾಯಿತು.

ಮುಂದಿನ ಸೋಮವಾರ ವೈರ್‌ಲೆಸ್ ಎಂಜಿನಿಯರ್ ಜಸ್ಮೀನ ಸಿಗ್ನಲ್ ಅಳೆಯುವ ಯಂತ್ರದೊಂದಿಗೆ ಜೀಪಿನಲ್ಲಿ ಕೂತರು. ಪರದೆಯ ಮೇಲೆ ಪ್ರತಿ ಕಂಪನಿಯ ತರಂಗಾಂತರ ತನ್ನ ತನ್ನ ಪಟ್ಟಿಯಲ್ಲಿ ಬೇರೆಬೇರೆಯಾಗಿ ನಿಂತಿತ್ತು. ಓಣಿಯಲ್ಲಿ ಭಜನೆಯ ತಾಳ ಕೇಳಿದ್ದೇ ತಡ, ಎಲ್ಲ ಪಟ್ಟಿಗಳೂ ತುಂಬಿ ಒಂದೇ ದಿಬ್ಬವಾಯಿತು.

“ಯಾರೋ ಬೇಕಂತನ ಗದ್ದಲ ತುಂಬಾಕತ್ತಾರ್ರಿ. ಫೋನಿನ ಮಾತು ಅದರಾಗ ಮುಳುಗಿ ಹೋಗತದ,” ಎಂದರು ಜಸ್ಮೀನ.

ಆಂಟೆನಾ ತಿರುಗಿಸುತ್ತ ಹೋದಂತೆ ಗದ್ದಲ ಹೆಚ್ಚಾಗಿದ್ದು ಭಜನಾ ಮಂಡಳಿಯ ಚಂದ್ರಾಮನ ಮನೆ ಮುಂದೆ. ಒಳಗೆ ಅವನ ತಾಯಿ ನಿಂಬೆವ್ವ ಹಾಡುತ್ತಿದ್ದಳು. ಹಾಡು ಮುಗಿಯಲಿ ಎಂದರು ಹೆಡ್ ಕಾನ್‌ಸ್ಟೆಬಲ್ ಪೀರಸಾಬ. ಈಗಲೇ ಇನ್ಯಾರಿಗೆ ನೋವು ಬಂದಿದೆಯೋ ಎನ್ನುತ್ತ ಶೈಲಶ್ರೀ ಒಳನಡೆದರು. ಹಾರ್ಮೋನಿಯಂ ಹಿಂದೆ, ಬಟ್ಟೆ ಮುಚ್ಚಿದ ಕರಿ ಪೆಟ್ಟಿಗೆ ಸಿಕ್ಕಿತು: ಸಿಗ್ನಲ್ ತಡೆಯುವ ಜಾಮರ್. ಅದನ್ನು ಆರಿಸಿ, ಪಂಚರ ಎದುರು ಪಂಚನಾಮೆ ಬರೆಸಿ ಜಪ್ತಿ ಮಾಡಿದರು.

“ಇದು ಯಾಕ ಇಟ್ಟಿ?” ಎಂದು ಚಂದ್ರಾಮನನ್ನು ಕೇಳಿದರು ಶೈಲಶ್ರೀ.

“ಅವ್ವ ಹಾಡುವಾಗ ಎಲ್ಲಾರೂ ಮೊಬೈಲ್ ನೋಡ್ತಿದ್ರುರಿ. ನಮ್ಮ ಪಡಸಾಲಿಗಷ್ಟೇ ತಾಗತದ ಅಂತ ಮಾರಿದವ ಹೇಳಿದ್ದ.”

“ಪಡಸಾಲಿ ಗ್ವಾಡಿ ದಾಟಿ ಮುಕ್ರಮನ ಮನಿ ಮುಟ್ಯದ. ಅವನ ಹೆಂಡತಿಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸಿಗೆ ಕರೆನ ಹೋಗಲಿಲ್ಲ.”

ಮಗು ಆಪತ್ತು ದಾಟಿ ಹಾಲು ಕುಡಿಯುತ್ತಿದೆ ಎಂದು ಶೈಲಶ್ರೀ ತಿಳಿಸಿದಾಗ ಚಂದ್ರಾಮ ಅತ್ತೇಬಿಟ್ಟ. ಆದರೂ ಬಂಧನ ತಪ್ಪಲಿಲ್ಲ.

ಪೆಟ್ಟಿಗೆ ಆರಿಸಿದಾಗಿನಿಂದ ಪಡಸಾಲೆಯ ಫೋನುಗಳು ಒಂದರ ಹಿಂದೊಂದು ಕಿಣಿಗುಟ್ಟುತ್ತಿದ್ದವು. ಕೂತವರೆಲ್ಲ ತಲೆ ತಗ್ಗಿಸಿ ಫೋನಿನ ಪರದೆ ಸವರತೊಡಗಿದ್ದರು. ನಿಂಬೆವ್ವ ಅವರನ್ನು ನೋಡಿದಳು, ಆಮೇಲೆ ಮಗನನ್ನು.

“ಇಷ್ಟು ದಿನ ಮಂದಿ ನನ್ನ ಹಾಡು ಕೇಳಾಕತ್ತಾರ ಅಂತ ತಿಳಕೊಂಡಿದ್ದೆನಲ್ಲೋ, ಚಂದ್ರಾಮ.”